ಚರ್ಚ್ ಮದುವೆಗೆ ನಮ್ಮವರಿಗೇ ಹೊಲಿದು ಕೊಡುವವರು ಬನ್ನಿ: ಅಳತೆ, ಬಟ್ಟೆ, ಮಜೂರಿ ಎಲ್ಲ ಮಾತಾಡೋಣ

ತೀರ್ಥಹಳ್ಳಿ ಹೊಲಿಗೆ ಅಕ್ಕ:

ಎಲ್ಲರಿಗೂ ನಮಸ್ಕಾರ. ನಮ್ಮ ಚರ್ಚಿನ ಹುಡುಗಿಯರಿಗೆ, ಜೊತೆಗೆ ಓದಿದವರಿಗೆ, ಅವರ ತಂಗಿಯರಿಗೆ ಮದುವೆ ಗೌನು, ಬಿಳಿ ಸೀರೆಯ ಬ್ಲೌಸು, ಹೂ ಹಿಡಿದು ಮುಂದೆ ನಡೆಯುವ ಮಕ್ಕಳ ಫ್ರಾಕು ಎಲ್ಲ ಹೊಲಿದು ಕೊಡುತ್ತಾ ಬಂದಿದ್ದೇನೆ. ಈಗೀಗ ಎಲ್ಲರೂ ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿ "ಅಕ್ಕ, ಇದೇ ಥರ ಬೇಕು" ಅನ್ನುತ್ತಾರೆ. ಫೋಟೋದವಳು ಸುಮ್ನೆ ನಿಂತಿರುತ್ತಾಳೆ. ನಮ್ಮ ಹುಡುಗಿ ಹಾಗೆ ನಿಲ್ಲುವುದು ಸ್ವಲ್ಪ ಹೊತ್ತು. ಕಾರಿನಿಂದ ಇಳಿಯಬೇಕು, ಮೆಟ್ಟಿಲು ಹತ್ತಬೇಕು, ಅಪ್ಪನ ಕೈ ಹಿಡಿದು ಬೆಂಚುಗಳ ನಡುವೆ ನಡೆಯಬೇಕು, ಪೂಜೆ ಮುಗಿಯುವ ತನಕ ಕೂತು ಎದ್ದು ಮೊಣಕಾಲೂರಬೇಕು, ಅದಾದ ಮೇಲೆ ಮದುವೆ ಹಾಲ್‌ನಲ್ಲಿ ಬಂದವರೆಲ್ಲರ ಕೈ ಕುಲುಕಬೇಕು. ಹಾಗಾಗಿ ನಾನು ಎಲ್ಲರಿಗೂ ಹೇಳುವುದು ಒಂದೇ ಮಾತು. ಟೇಪ್ ಕೈಗೆತ್ತಿಕೊಳ್ಳುವ ಮೊದಲು ಆ ದಿನ ಅವಳು ಏನೇನು ಮಾಡಬೇಕು ಅಂತ ಕೂತು ಕೇಳಿ. ಡಿಸೈನ್ ಅಲ್ಲಿಂದ ಶುರುವಾಗಬೇಕು.

ನಾನು ಅಳತೆ ತೆಗೆಯುವುದು ಹೀಗೆ. ಮದುವೆ ದಿನ ಹಾಕುವ ಒಳ ಉಡುಪು, ಅದೇ ಹೀಲ್ಸ್ ಚಪ್ಪಲಿ ಹಾಕಿಕೊಂಡೇ ಬರಬೇಕು. ನಿಂತಾಗ ಸೊಂಟ, ಹಿಪ್ ನೋಡಿ ಬರೆದುಕೊಳ್ಳುತ್ತೇನೆ. ಆಮೇಲೆ ಸ್ಟೂಲಿನ ಮೇಲೆ ಕೂರಿಸಿ ಹಿಪ್ ಮತ್ತೆ ಅಳೆಯುತ್ತೇನೆ, ಕೂತಾಗ ಒಂದೆರಡು ಇಂಚು ಜಾಸ್ತಿ ಬರುತ್ತದೆ. ಕೊನೆಗೆ ನೆಲಕ್ಕೆ ದಿಂಬು ಹಾಕಿ ಮೊಣಕಾಲೂರಲು ಹೇಳುತ್ತೇನೆ. ಫಿಶ್ ಕಟ್ (ಮೊಣಕಾಲಿನ ತನಕ ಬಿಗಿ, ಕೆಳಗೆ ಅಗಲ) ಕೇಳಿದವರಿಗೆ ಗೊತ್ತಾಗುವುದು ಆಗಲೇ. ಮೊಣಕಾಲಿನ ಹತ್ತಿರ ಬಿಗಿ ಇದ್ದರೆ ಕಾಲು ಮಡಚಿದ ಕೂಡಲೇ ಹಿಂದಿನ ಹೊಲಿಗೆ ಎಳೆಯುತ್ತದೆ. ಅದೇ ಬೇಕು ಅಂತ ಹಟ ಹಿಡಿದರೆ ಅಗಲ ಬಿಡುವುದನ್ನು ತೊಡೆಯ ಮಧ್ಯದಿಂದಲೇ ಶುರು ಮಾಡಿ, ಹಿಂದೆ ಒಂದು ತ್ರಿಕೋನದ ತುಂಡು ಸೇರಿಸಿ. ಮುಂದಿನ ಅಂಚು ನೆಲದಿಂದ ಒಂದು ಇಂಚು ಮೇಲಿರಲಿ. ಮೊಣಕಾಲೂರಿ ಏಳುವಾಗಲೇ ಅಂಚು ಕಾಲಿಗೆ ಸಿಕ್ಕುವುದು.

ಇನ್ನು ಕಂಕುಳು. ಆರ್ಮ್‌ಹೋಲ್ ಆಳ ತೆಗೆದಷ್ಟೂ ಆರಾಮ ಅಂತ ತುಂಬ ಜನ ನಂಬಿದ್ದಾರೆ. ಆಳ ತೆಗೆದರೆ ಕೈ ಎತ್ತಿದಾಗ ಇಡೀ ಬಾಡಿ, ಅಂದರೆ ಗೌನಿನ ಸೊಂಟದ ಮೇಲಿನ ಭಾಗ, ಮೇಲಕ್ಕೆ ಬರುತ್ತದೆ, ಸೊಂಟದ ಹೊಲಿಗೆ ಪಕ್ಕೆಗೆ ಏರಿ ಕೂರುತ್ತದೆ. ಕಂಕುಳಿಗೆ ಹತ್ತಿರವಾಗಿ, ಒತ್ತದ ಹಾಗೆ ಕತ್ತರಿಸಿ ನೋಡಿ. ತೋಳು ಮಾತ್ರ ಏಳುತ್ತದೆ, ಬಾಡಿ ಇದ್ದಲ್ಲೇ ಇರುತ್ತದೆ. ಉಂಗುರ ತೊಡಿಸುವಾಗ, ಕೇಕ್ ತಿನ್ನಿಸುವಾಗ ತೆಗೆದ ಫೋಟೋಗಳಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ.

ನೀವೆಲ್ಲ ಹೇಗೆ ಮಾಡುತ್ತೀರಿ ಬರೆಯಿರಿ. ಮಜೂರಿ ವಿಷಯವನ್ನೂ ಮುಚ್ಚುಮರೆ ಇಲ್ಲದೆ ಮಾತಾಡೋಣ.

ಹೊಸನಗರದ ಹುಡುಗಿ:

ಅಕ್ಕ, ಸರಿಯಾದ ಹೊತ್ತಿಗೆ ಬರೆದಿದ್ದೀರಿ. ನನ್ನ ಗೆಳತಿಯ ಮದುವೆ 2027ರ ಈಸ್ಟರ್ ಆದ ಮೇಲೆ. ಗೌನ್ ನೀನೇ ಹೊಲಿಯಬೇಕು ಅಂತ ಹೇಳಿಬಿಟ್ಟಿದ್ದಾಳೆ. ಚೂಡಿದಾರ, ಬ್ಲೌಸ್ ಎಲ್ಲ ಹೊಲಿಯುತ್ತೇನೆ, ಗೌನ್ ಮಾತ್ರ ಮೊದಲನೇ ಸಲ. ಸ್ಯಾಟಿನ್ ಅಂದುಕೊಂಡಿದ್ದೇವೆ. ಸೊಂಟ 28, ಸೊಂಟದಿಂದ ನೆಲಕ್ಕೆ 42. ಅಂಬ್ರೆಲಾ ಕಟ್ ಚೆಂದ ಅನ್ನುತ್ತಾಳೆ. ಎಷ್ಟು ಮೀಟರ್ ತರಬೇಕು? ಅಂಗಡಿಯವರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಸಾಗರದ ಸೂಜಿದಾರ:

ತಂಗಿ, ಅಂಗಡಿಯವರನ್ನು ಕೇಳಬೇಡಿ, ಪೇಪರಿನ ಮೇಲೆ ಲೆಕ್ಕ ಹಾಕಿ. ಪೂರ್ತಿ ಅಂಬ್ರೆಲಾ ಅಂದರೆ ಸ್ಕರ್ಟ್ ಹರಡಿದರೆ ಪೂರ್ತಿ ವೃತ್ತ, ಅದಕ್ಕೆ ಸೊಂಟದ ಅಳತೆಯನ್ನು 6.28ರಿಂದ ಭಾಗಿಸಬೇಕು. 28ಕ್ಕೆ ಸುಮಾರು ನಾಲ್ಕೂವರೆ ಇಂಚು ಬರುತ್ತದೆ, ಅದು ಸೊಂಟದ ವೃತ್ತದ ತ್ರಿಜ್ಯ. ಅದಕ್ಕೆ ಉದ್ದ 42 ಸೇರಿಸಿದರೆ ನಲವತ್ತಾರೂವರೆ. ಬಟ್ಟೆಯ ಪನ್ನ (ಅಗಲ) 44 ಇಂಚು ಇದ್ದರೆ ಅದರಲ್ಲಿ ಹಿಡಿಯುವುದೇ ಇಲ್ಲ, ಕೆಳಗೆ ತುಂಡು ಜೋಡಿಸಬೇಕಾಗುತ್ತದೆ, ಸ್ಯಾಟಿನ್‌ನಲ್ಲಿ ಆ ಜೋಡಣೆ ಬೆಳಕಿಗೆ ಗೆರೆ ಹೊಡೆದ ಹಾಗೆ ಕಾಣುತ್ತದೆ. ಅದರ ಬದಲು 8 ಪ್ಯಾನೆಲ್ ಮಾಡಿ. ಮೇಲೆ ತಲಾ ಮೂರೂವರೆ, ಹೊಲಿಗೆಗೆ ಒಂದು ಸೇರಿ ನಾಲ್ಕೂವರೆ. ಕೆಳಗೆ 18, ಹೊಲಿಗೆಗೆ ಒಂದು ಸೇರಿ 19. ಒಟ್ಟು ಘೇರ್ (ಕೆಳಗಿನ ಸುತ್ತಳತೆ) 144 ಇಂಚು, ಅಂದರೆ ನಾಲ್ಕು ಗಜ. ಮದುವೆಗೆ ಧಾರಾಳ ಸಾಕು.

ಈಗ ಮುಖ್ಯ ವಿಷಯ. ಒಂದನ್ನು ನೆಟ್ಟಗೆ, ಪಕ್ಕದ್ದನ್ನು ತಲೆಕೆಳಗೆ ಇಟ್ಟು ಕತ್ತರಿಸಿದರೆ ಒಂದು ಪನ್ನದಲ್ಲಿ ಮೂರು ಪ್ಯಾನೆಲ್ ಹಿಡಿಯುತ್ತವೆ. ಮಡಿಕೆ ಸೇರಿಸಿ 45 ಇಂಚಿನ ಮೂರು ಉದ್ದ ಸಾಕು, 135 ಇಂಚು, ಹತ್ತಿರ ಹತ್ತಿರ ಮೂರೂವರೆ ಮೀಟರ್. ಪಾಪ್ಲಿನ್, ಕ್ರೇಪ್ ಆದರೆ ಹೀಗೆ ಮಾಡಿ ಉಳಿಸಿಕೊಳ್ಳಿ. ಸ್ಯಾಟಿನ್‌ಗೆ ಬೇಡವೇ ಬೇಡ. ಅದರ ಹೊಳಪಿಗೆ ಒಂದು ದಿಕ್ಕಿದೆ. ತಲೆಕೆಳಗಾದ ಪ್ಯಾನೆಲ್ ಪಕ್ಕದ್ದಕ್ಕಿಂತ ಕಪ್ಪಾಗಿ ಕಾಣುತ್ತದೆ, ಫ್ಲ್ಯಾಶ್ ಬಿದ್ದರಂತೂ ಪಟ್ಟೆ ಪಟ್ಟೆ. ಎಲ್ಲ ಒಂದೇ ದಿಕ್ಕಿಗೆ ಇಟ್ಟರೆ ಪನ್ನಕ್ಕೆ ಎರಡೇ ಬರುತ್ತವೆ. ನಾಲ್ಕು ಉದ್ದ ಬೇಕು, 180 ಇಂಚು, ನಾಲ್ಕೂಮುಕ್ಕಾಲು ಮೀಟರ್ ಒಳಗೆ. ನೀವು 5 ಮೀಟರ್ ತನ್ನಿ. ಬಾಡಿ ಭಾಗಕ್ಕೆ, ತೋಳಿಗೆ ಒಂದೂವರೆ ಬೇರೆ. ಎಲ್ಲವನ್ನೂ ಒಂದೇ ಥಾನಿನಿಂದ (ಬಟ್ಟೆಯ ಸುರುಳಿಯಿಂದ) ಹರಿಸಿಕೊಳ್ಳಿ. ಇನ್ನೊಂದು ಥಾನಿನ ಬಿಳಿ ಅದೇ ಬಿಳಿಯಾಗಿರುತ್ತದೆ ಅಂತ ಹೇಳಲು ಬರುವುದಿಲ್ಲ.

ತೀರ್ಥಹಳ್ಳಿ ಹೊಲಿಗೆ ಅಕ್ಕ:

ಸಾಗರದವರ ಲೆಕ್ಕ ಸರಿಯಾಗಿದೆ. ನಾನೂ ಒಂದಿಷ್ಟು ಸೇರಿಸುತ್ತೇನೆ. ಸ್ಯಾಟಿನ್‌ಗೆ ಹೊಸ ಸೂಜಿ ಹಾಕಿ, 11ನೇ ನಂಬರ್, ತೆಳು ಇದ್ದರೆ 9. ದಿನಾ ಹೊಲಿಯುವ 14ರ ಸೂಜಿ ತೂತು ಬಿಡುತ್ತದೆ, ಆ ತೂತು ಮತ್ತೆ ಮುಚ್ಚುವುದಿಲ್ಲ. ಪಿನ್ ಚುಚ್ಚುವುದಿದ್ದರೆ ಹೊಲಿಗೆಗೆ ಬಿಟ್ಟ ಅಂಚಿನಲ್ಲಿ ಮಾತ್ರ. ದಾರದ ಬಿಗಿ ಸ್ವಲ್ಪ ಸಡಿಲಿಸಿ, ಬಟ್ಟೆಯನ್ನು ಮುಂದೆ ಹಿಂದೆ ಎರಡೂ ಕೈಯಲ್ಲಿ ಹಿಡಿದು ನಡೆಸಿ, ಇಲ್ಲದಿದ್ದರೆ ಸುಕ್ಕು ಕೂರುತ್ತದೆ. ಇಸ್ತ್ರಿ ಹಿಂಬದಿಯಿಂದ, ಮೇಲೊಂದು ಕಾಟನ್ ಬಟ್ಟೆ ಹಾಸಿ.

ಅದಕ್ಕೂ ಮೊದಲು ಕೋರಾ ಬಟ್ಟೆಯಲ್ಲಿ ಬಾಡಿ ಒಂದನ್ನು ಹೊಲಿದು ಹಾಕಿಸಿ ನೋಡಿ. ಹಳೇ ಬೆಡ್‌ಶೀಟ್ ಆದರೂ ನಡೆಯುತ್ತದೆ. ಅದರ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಿ, ಬಿಚ್ಚಿ, ಅದನ್ನೇ ಪ್ಯಾಟರ್ನ್ ಮಾಡಿಕೊಳ್ಳಿ. ನಮ್ಮಲ್ಲಿ ಮದುವೆಗೆ ಮೊದಲು ಮೂರು ಭಾನುವಾರ ಚರ್ಚಿನಲ್ಲಿ ಪ್ರಕಟಣೆ ಓದುತ್ತಾರೆ ಅಲ್ವಾ, ಮೊದಲನೇ ಪ್ರಕಟಣೆ ಓದುವ ಹೊತ್ತಿಗೆ ಈ ಟ್ರಯಲ್ ಮುಗಿದಿರಬೇಕು. ಎರಡನೆಯದಕ್ಕೆ ಸ್ಕರ್ಟ್ ಜೋಡಣೆ. ಮೂರನೆಯದಾದ ಮೇಲೆ ಹುಕ್ಕು, ಲೇಸು, ಅಂಚು ಬಿಟ್ಟು ಬೇರೇನೂ ಉಳಿದಿರಬಾರದು. 2027ರಲ್ಲಿ ಬೂದಿ ಬುಧವಾರ ಫೆಬ್ರವರಿ 10ಕ್ಕೆ, ಈಸ್ಟರ್ ಮಾರ್ಚ್ 28ಕ್ಕೆ. ಇವೆರಡರ ನಡುವಿನ ತಪಸ್ಸು ಕಾಲದಲ್ಲಿ ಸಾಮಾನ್ಯವಾಗಿ ಮದುವೆ ಇಡುವುದಿಲ್ಲ. ಹೊಲಿಯುವವರಿಗೆ ಅದೇ ಒಳ್ಳೆಯ ಕಾಲ. ಈಸ್ಟರ್ ಮುಗಿದರೆ ಸಾಲು ಸಾಲು ಮದುವೆ, ಆಗ ಲೇಸ್ ಅಂಗಡಿಯಲ್ಲೂ ಬೇಕಾದದ್ದು ಸಿಗುವುದಿಲ್ಲ, ಆರಿ ವರ್ಕ್ ಮಾಡುವವರ ಕೈಯೂ ಖಾಲಿ ಇರುವುದಿಲ್ಲ.

ಭದ್ರಾವತಿ ಆಂಟಿ:

ನಾವು ಕೇರಳ ಮೂಲದ ಸಿರೋ ಮಲಬಾರ್ ಕ್ಯಾಥೊಲಿಕ್ ಪದ್ಧತಿಯವರು, 2007ರಲ್ಲಿ ಆದ ಭದ್ರಾವತಿ ಧರ್ಮಕ್ಷೇತ್ರಕ್ಕೆ (ಡಯಾಸಿಸ್) ಸೇರಿದವರು. ನಮ್ಮ ಮದುವೆಯಲ್ಲಿ ಮಂತ್ರಕೋಡಿ ಇದೆ. ಗಂಡು ಚರ್ಚಿನಲ್ಲೇ ಹೆಣ್ಣಿನ ತಲೆಯ ಮೇಲೆ ಸೀರೆ ಹೊದಿಸುತ್ತಾನೆ. ಆಮೇಲೆ ಅವಳು ಗೌನ್ ಬದಲಿಸಿ ಅದೇ ಸೀರೆ ಉಟ್ಟು ಮದುವೆ ಹಾಲ್‌ಗೆ ಬರುತ್ತಾಳೆ. ನಮ್ಮವರಿಗೆ ಹೊಲಿಯುವವರು ಎರಡು ವಿಷಯ ನೆನಪಿಡಿ. ತಲೆಯ ಮೇಲೆ ಸೀರೆ ಬೀಳುವುದರಿಂದ ಕಿರೀಟ, ವೇಲ್ (ತಲೆಗೆ ಹಾಕುವ ನೆಟ್ ಪರದೆ) ಎತ್ತರಕ್ಕೆ ಇಟ್ಟರೆ ಸೀರೆ ಜಾರುತ್ತದೆ. ವೇಲ್ ಹಿಂದಕ್ಕೆ, ಜಡೆಗೆ ಸಿಕ್ಕಿಸುವ ಹಾಗೆ ಬಾಚಣಿಗೆ ಹೊಲಿಯಿರಿ. ಎರಡನೆಯದು, ಮಿನ್ನು (ತಾಳಿ) ಕಟ್ಟುವ ದಾರಕ್ಕೆ ಈ ಸೀರೆಯಿಂದಲೇ ಏಳು ಎಳೆ ತೆಗೆದು ಹೊಸೆಯುತ್ತಾರೆ. ಹಾಗಾಗಿ ಫಾಲ್, ಪಿಕೋ ಮಾಡಿಸಲು ಸೀರೆ ಕೈಗೆ ಬಂದಾಗ ನೂಲು ತೆಗೆದಾಯಿತಾ ಅಂತ ಮನೆಯವರನ್ನು ಕೇಳಿಯೇ ಮೆಷಿನ್ ಹತ್ತಿಸಿ.

ಗೌನ್ ಬದಲಿಸುವುದಕ್ಕೆ ಸಿಗುವ ಹೊತ್ತು ಕಡಿಮೆ. ಹಿಂದೆ ಪುಟ್ಟ ಪುಟ್ಟ ಬಟನ್ ಸಾಲು ಎಷ್ಟು ಚೆಂದ ಕಂಡರೂ ಒಳಗೆ ಜಿಪ್ ಇರಲಿ, ಬಟನ್ ಮೇಲೆ ಅಲಂಕಾರಕ್ಕೆ ಸಾಕು.

ಇನ್ನು ಮಜೂರಿ. ನಾನು ಚರ್ಚಿನವರ ಹತ್ತಿರ ತೆಗೆದುಕೊಳ್ಳುವುದಿಲ್ಲ. ದೇವರು ಕೈಗೆ ಕಲೆ ಕೊಟ್ಟಿದ್ದಾನೆ, ನಮ್ಮ ಹುಡುಗಿಯ ಮದುವೆಗೆ ಅದನ್ನು ಕೊಡದೆ ಮತ್ತೆ ಯಾವಾಗ ಕೊಡುವುದು? ದಾರ, ಹುಕ್ಕಿನ ಖರ್ಚು ಕೊಟ್ಟರೆ ಸಾಕು.

ತೀರ್ಥಹಳ್ಳಿ ಹೊಲಿಗೆ ಅಕ್ಕ:

ಆಂಟಿ, ನಿಮ್ಮ ಮನಸ್ಸು ದೊಡ್ಡದು, ಅದನ್ನು ಗೌರವಿಸುತ್ತೇನೆ. ಆದರೆ ನಾನು ಒಪ್ಪುವುದಿಲ್ಲ. ಮುಯ್ಯಿ ಬೇರೆ, ಮಜೂರಿ ಬೇರೆ. ಒಂದು ಗೌನ್ ಹಿಡಿದರೆ ವಾರಗಟ್ಟಲೆ ಬೇರೆ ಕೆಲಸ ನಿಲ್ಲುತ್ತದೆ. ಹೊಲಿಗೆಯೇ ಮನೆ ನಡೆಸುವ ದುಡಿಮೆಯಾದ ಹೆಣ್ಣುಮಕ್ಕಳು ನಮ್ಮಲ್ಲಿ ಎಷ್ಟು ಜನ ಇದ್ದಾರೆ. ನಾವು ಉಚಿತವಾಗಿ ಮಾಡಿದರೆ, ಪಕ್ಕದ ಬೀದಿಯ ಹುಡುಗಿ ದುಡ್ಡು ಕೇಳಿದಾಗ "ಅವರು ಸುಮ್ನೆ ಹೊಲಿದು ಕೊಟ್ಟರು" ಅನ್ನುವ ಮಾತು ಬರುತ್ತದೆ.

ನನ್ನ ಪದ್ಧತಿ ಹೀಗೆ. ಬಟ್ಟೆ, ಲೇಸ್, ಜಿಪ್, ಕ್ಯಾನ್‌ಕ್ಯಾನ್ (ಸ್ಕರ್ಟ್ ಉಬ್ಬಿಸುವ ಗಟ್ಟಿ ನೆಟ್) ಎಲ್ಲ ಅವರೇ ತಂದುಕೊಡಬೇಕು, ಇಲ್ಲವೇ ಬಿಲ್ ನೋಡಿ ಕೊಡಬೇಕು. ಹೊಲಿಗೆಯ ಮಜೂರಿ ಒಂದು, ಕೈಕೆಲಸದ ಮಜೂರಿ ಇನ್ನೊಂದು. ಮುತ್ತು ಕೂರಿಸುವುದಕ್ಕೆ ಹಿಡಿಯುವ ಹೊತ್ತು ಯಾರ ಕಣ್ಣಿಗೂ ಬೀಳುವುದಿಲ್ಲ, ಅದಕ್ಕೇ ಅದನ್ನು ಬೇರೆ ಬರೆಯುತ್ತೇನೆ. ಅರ್ಧ ಮುಂಗಡ. ಎಲ್ಲ ನೋಟ್‌ಬುಕ್ಕಿನಲ್ಲಿ, ಅವರ ಎದುರಿಗೇ. ಆಮೇಲೆ ನನ್ನ ಕಡೆಯಿಂದ ಒಂದು ವಸ್ತು ಮುಯ್ಯಿ. ಸಾಮಾನ್ಯವಾಗಿ ವೇಲ್, ಅಥವಾ ಹೂ ಹಿಡಿಯುವ ಮಗುವಿನ ಫ್ರಾಕು. ಅದನ್ನೂ ಮೊದಲೇ ಹೇಳಿಬಿಡುತ್ತೇನೆ. ಹೀಗೆ ಮಾಡಿದರೆ ಭಾನುವಾರ ಪೂಜೆ ಮುಗಿಸಿ ಹೊರಗೆ ಸಿಕ್ಕಾಗ ಇಬ್ಬರಿಗೂ ಮುಖ ತಪ್ಪಿಸುವ ಪ್ರಮೇಯ ಬರುವುದಿಲ್ಲ.

ಕೊಪ್ಪದಿಂದ, ಮದುಮಗಳ ಅಮ್ಮ:

ಹೊಲಿಸುವವರ ಕಡೆಯಿಂದ ಒಂದು ಮಾತು. ನಮಗೂ ಮೊದಲೇ ಹೇಳಿದರೇ ಒಳ್ಳೆಯದು. ಪರಿಚಯದವರು "ಅಯ್ಯೋ, ಅದೆಲ್ಲ ಆಮೇಲೆ ನೋಡೋಣ" ಅಂದರೆ ಕವರಿನಲ್ಲಿ ಎಷ್ಟು ಇಡಬೇಕು ಅಂತ ನಮಗೆ ರಾತ್ರಿ ನಿದ್ದೆ ಬರುವುದಿಲ್ಲ. ಕಡಿಮೆ ಇಟ್ಟರೆ ಅವಮಾನ, ಜಾಸ್ತಿ ಇಡಲು ಕೈ ಸಾಗುವುದಿಲ್ಲ. ಭದ್ರಾವತಿಯವರು ಬೇಸರ ಮಾಡಿಕೊಳ್ಳಬೇಡಿ.

ನನ್ನ ಪ್ರಶ್ನೆ ಬೇರೆ. ಮಗಳ ಮದುವೆ ಮೇ ಕೊನೆಗೆ. ಬಟ್ಟೆ ಈಗಲೇ ತಂದಿಟ್ಟಿದ್ದೇವೆ, ನಡುವೆ ಇಡೀ ಮಳೆಗಾಲ ಇದೆ. ಬೀರುವಿನಲ್ಲಿ ಇಟ್ಟ ಬಿಳಿ ಬಟ್ಟೆಗೆ ಬೂಷ್ಟು ಹಿಡಿಯದ ಹಾಗೆ ಏನು ಮಾಡುವುದು? ಇನ್ನೊಂದು, ನಮ್ಮ ಕಡೆ ಬಿಳಿ ಬಿಟ್ಟು ಬೇರೆ ಬಣ್ಣ ಉಡಬಾರದು ಅಂತ ಅತ್ತೆ ಹೇಳುತ್ತಾರೆ, ಮಗಳಿಗೆ ತೆಳು ಗುಲಾಬಿ ಇಷ್ಟ.

ಸಾಗರದ ಸೂಜಿದಾರ:

ಅಮ್ಮಾ, ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಸುತ್ತಲಿನ ನಮ್ಮೂರುಗಳಲ್ಲೂ ಆ ತಿಂಗಳುಗಳಲ್ಲಿ ಗೋಡೆಯೇ ಬೆವರುತ್ತದೆ. ಪ್ಲಾಸ್ಟಿಕ್ ಕವರಿನಿಂದ ಮೊದಲು ಹೊರಗೆ ತೆಗೆಯಿರಿ, ಒಳಗಿನ ತೇವ ಅಲ್ಲೇ ಕೂರುತ್ತದೆ. ಒಗೆದು ಮೆತ್ತಗಾದ ಹಳೇ ಕಾಟನ್ ಪಂಚೆಯಲ್ಲಿ ಸುತ್ತಿಡಿ. ಗಂಜಿ ಹಾಕಿದ ಬಟ್ಟೆ ಇದ್ದರೆ ಗಂಜಿ ಹೋಗುವ ಹಾಗೆ ಒಗೆದು ಒಣಗಿಸಿ ಇಡಿ. ಬೂಷ್ಟಿಗೂ ಹುಳಕ್ಕೂ ಗಂಜಿಯೇ ಊಟ. ಹೊಸ ಚಪ್ಪಲಿ, ಬ್ಯಾಗಿನ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣ ಎಸೆಯಬೇಡಿ, ಬೀರುವಿನ ಮೂಲೆಗೆ ಹಾಕಿ. ಬಿಸಿಲು ಬಂದ ದಿನ ಬಟ್ಟೆಯನ್ನು ನೆರಳಿನಲ್ಲಿ ಗಾಳಿಗೆ ಹರಡಿ, ಮಡಿಕೆ ಬದಲಿಸಿ ಮಡಚಿ. ಗುಂಡುಪಿನ್ ಚುಚ್ಚಿದ್ದರೆ ಈಗಲೇ ಎಲ್ಲ ತೆಗೆಯಿರಿ. ಬೂಷ್ಟಾದರೂ ಹೋಗಬಹುದು, ತುಕ್ಕಿನ ಕಲೆ ಸ್ಯಾಟಿನ್ ಮೇಲಿಂದ ಹೋಗುವುದು ಕಷ್ಟ. ಕಾಟನ್ ಲೈನಿಂಗ್‌ಗೆ ಆದರೆ ನಿಂಬೆರಸ, ಉಪ್ಪು ಹಚ್ಚಿ ಬಿಸಿಲಿಗಿಟ್ಟು ತೊಳೆಯಬಹುದು.

ಮೇ ಕೊನೆ ಅಂದರೆ ಮಳೆ ಯಾವ ಹೊತ್ತಿಗಾದರೂ ಬರಬಹುದು. ಚರ್ಚಿನ ಅಂಗಳದ ಕೆಮ್ಮಣ್ಣು ಬಿಳಿ ಅಂಚಿಗೆ ಹತ್ತಿದರೆ ಮುಗಿಯಿತು. ಹಿಂದೆ ಎಳೆಯುವ ಭಾಗವನ್ನು ಬೇರೆಯೇ ಹೊಲಿದು ಸೊಂಟಕ್ಕೆ ಹುಕ್ಕಿನಲ್ಲಿ ಸಿಕ್ಕಿಸುವ ಹಾಗೆ ಮಾಡಿಸಿ. ಬಾಗಿಲ ಹತ್ತಿರ ಹಾಕಿ, ಪೂಜೆಯಾದ ಮೇಲೆ ಬಿಚ್ಚಿ ಕೈಯಲ್ಲಿ ಹಿಡಿದು ಹೊರಡಬಹುದು.

ತೀರ್ಥಹಳ್ಳಿ ಹೊಲಿಗೆ ಅಕ್ಕ:

ಅದರ ಜೊತೆಗೆ ಚರ್ಚನ್ನೂ ಅಳೆಯಿರಿ! ನಿಜವಾಗಿಯೂ ಟೇಪ್ ಹಿಡಿದುಕೊಂಡು ಹೋಗಿ. ಶಿವಮೊಗ್ಗದ ಸೇಕ್ರೆಡ್ ಹಾರ್ಟ್ ಕೆಥೆಡ್ರಲ್‌ನಂಥ ದೊಡ್ಡ ಚರ್ಚಿನಲ್ಲಿ ಗೌನಿನ ಹಿಂದೆ ಎಳೆಯುವ ಉದ್ದದ ಸೆರಗು, ಅಗಲದ ಕ್ಯಾನ್‌ಕ್ಯಾನ್ ಎಲ್ಲ ಒಪ್ಪುತ್ತದೆ. ತೋಟದ ನಡುವಿನ ಸಣ್ಣ ಚರ್ಚುಗಳಲ್ಲಿ ಬೆಂಚುಗಳ ಮಧ್ಯೆ ಇಬ್ಬರು ಜೊತೆಯಲ್ಲಿ ನಡೆಯುವುದೇ ಬಿಗಿ. ಅಪ್ಪ ಮಗಳು ಇಬ್ಬರೂ ನಡೆಯಬೇಕು. ದಾರಿಯ ಅಗಲದಲ್ಲಿ ಅಪ್ಪನಿಗೆ ಎರಡು ಅಡಿ ತೆಗೆದು, ಉಳಿದದ್ದರಲ್ಲಿ ಘೇರ್ ಹರಡಿದಾಗಿನ ಅಗಲ ಕೂರುತ್ತದಾ ನೋಡಿ. ತೋಳು, ಕುತ್ತಿಗೆ ಎಷ್ಟು ಮುಚ್ಚಿರಬೇಕು ಅಂತ ಫಾದರ್ ಹತ್ತಿರ, ಸಿ.ಎಸ್.ಐ. (ಪ್ರೊಟೆಸ್ಟೆಂಟ್) ಚರ್ಚ್ ಆದರೆ ಅಯ್ಯನವರ ಹತ್ತಿರ ಮೊದಲೇ ಕೇಳಿಕೊಳ್ಳಿ. ಒಂದೊಂದು ಕಡೆ ಒಂದೊಂದು ರೀತಿ.

ಬಣ್ಣದ ಬಗ್ಗೆ. ಅತ್ತೆಯವರ ಮನಸ್ಸು ನೋಯಿಸದೆ ಹೇಳಿ, ಬಿಳಿ ಗೌನ್ ರೂಢಿ ಅಷ್ಟೇನೂ ಹಳೆಯದಲ್ಲ. 1840ರಲ್ಲಿ ಇಂಗ್ಲೆಂಡಿನ ವಿಕ್ಟೋರಿಯಾ ರಾಣಿ ಬಿಳಿ ಉಟ್ಟು ಮದುವೆಯಾದ ಮೇಲೆ ಅದು ಹರಡಿತು. ಅಲ್ಲಿಯೂ ಅದಕ್ಕೆ ಮೊದಲು ಬಣ್ಣದ ಬಟ್ಟೆಯಲ್ಲೇ ಮದುವೆಯಾದವರು ಜಾಸ್ತಿ. ನಡುದಾರಿ ಬೇಕು ಅಂದರೆ ಮೇಲೆ ಬಿಳಿ ನೆಟ್, ಒಳಗೆ ತೆಳು ಗುಲಾಬಿ ಲೈನಿಂಗ್. ದೂರದಿಂದ ಬಿಳಿ, ಹತ್ತಿರದಿಂದ ಮಗಳ ಇಷ್ಟದ ಬಣ್ಣ. ಹಾಗೆಯೇ, ತೋಳಿನ ನೆಟ್ ಅಡಿಗೆ ಲೈನಿಂಗ್ ಹಾಕುವುದಿದ್ದರೆ ಮೈಬಣ್ಣದ್ದೇ ಹಾಕಿ. ಬಿಳಿ ನೆಟ್ ಅಡಿ ಬಿಳಿ ಲೈನಿಂಗ್ ಎಲ್ಲಿ ಮುಗಿಯುತ್ತದೆ ಅನ್ನುವುದು ಕಣ್ಣಿಗೆ ಹೊಡೆಯುತ್ತದೆ.

ಶಿವಮೊಗ್ಗ ಕೊಂಕಣಿ ಮನೆ:

ನಮ್ಮ ಕೊಂಕಣಿ ಕ್ಯಾಥೊಲಿಕ್ ಮನೆಗಳಲ್ಲಿ ಕೆಂಪು ಸೀರೆ ಇಲ್ಲದೆ ಮದುವೆಯೇ ಇಲ್ಲ. ಗಂಡಿನ ಮನೆಯವರು ಕೊಡುವ ಸಾಡೊ. ಚರ್ಚಿಗೆ ಬಿಳಿ, ಆಮೇಲೆ ಕೆಂಪು, ಎರಡಕ್ಕೂ ಬ್ಲೌಸ್ ಬೇಕು. ಮದುವೆಗೆ ಮುಂಚಿನ ರೋಸ್ ಶಾಸ್ತ್ರದ ದಿನದ ಬಟ್ಟೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಅದನ್ನೂ ಹೊಲಿಯಿರಿ ಅನ್ನುವುದಕ್ಕೆ ಬರೆಯುತ್ತಿದ್ದೇನೆ. ತಲೆಯಿಂದ ತೆಂಗಿನ ಹಾಲು, ಎಣ್ಣೆ ಸುರಿಯುತ್ತಾರೆ. ಕಾಟನ್ ಇರಲಿ, ಬಣ್ಣ ಬಿಡದಂಥದ್ದು ಇರಲಿ, ಒದ್ದೆಯಾದರೂ ಮೈ ಕಾಣದಷ್ಟು ದಪ್ಪ ಇರಲಿ. ಹುಕ್ಕು ಮುಂದೆಯೇ ಇಡಿ. ಒದ್ದೆ ಬ್ಲೌಸನ್ನು ಹಿಂದಿನಿಂದ ಬಿಚ್ಚುವುದು ಎಷ್ಟು ಕಷ್ಟ ಅಂತ ಸ್ನಾನಕ್ಕೆ ಕರೆದುಕೊಂಡು ಹೋಗುವ ಅಕ್ಕಂದಿರಿಗೆ ಗೊತ್ತು.

ದುರ್ಗಿಗುಡಿ ಹತ್ತಿರದ ಜೆಂಟ್ಸ್ ಟೈಲರ್:

ಗಂಡಿನ ಕಡೆಯವರನ್ನೂ ನೆನಪಿಸಿಕೊಳ್ಳಿ. ಮೊಣಕಾಲೂರುವುದು ಅವನೂ ಅಲ್ವಾ? ಬಿಗಿ ಪ್ಯಾಂಟ್ ಕೇಳುವ ಹುಡುಗರನ್ನು ನಾನು ಅಂಗಡಿಯಲ್ಲೇ ಮೊಣಕಾಲೂರಿಸಿ ನೋಡುತ್ತೇನೆ. ತೊಡೆಗೆ, ಮೊಣಕಾಲಿಗೆ ಸಡಿಲ ಬಿಟ್ಟು, ಮುಂಭಾಗಕ್ಕೆ ಮೊಣಕಾಲಿನ ಕೆಳಗಿನ ತನಕ ಲೈನಿಂಗ್ ಹಾಕಿದರೆ ಬಟ್ಟೆ ಅಂಟದೆ ಜಾರುತ್ತದೆ, ಎದ್ದಾಗ ಮೊಣಕಾಲು ಉಬ್ಬಿಕೊಂಡು ನಿಲ್ಲುವುದಿಲ್ಲ. ಬೇಸಿಗೆ ಮದುವೆಗೆ ಕೋಟಿನ ಬೆನ್ನಿಗೆ ಅರ್ಧ ಲೈನಿಂಗ್ ಸಾಕು. ಗೌನಿನ ಬಟ್ಟೆ ಒಂದು ತುಂಡು ಉಳಿದರೆ ನಮಗೆ ಕೊಡಿ, ಎದೆ ಜೇಬಿನ ಕರವಸ್ತ್ರ ಅದರಲ್ಲೇ ಮಾಡಿದರೆ ಜೋಡಿಗೆ ಒಪ್ಪುತ್ತದೆ. ಮತ್ತೆ ಹೊಸ ಶೂ ತಳದಲ್ಲಿ ಅಂಟಿಸಿದ ರೇಟಿನ ಚೀಟಿ ಕಿತ್ತುಹಾಕಲು ಹೇಳಿ. ಮೊಣಕಾಲೂರಿದಾಗ ಹಿಂದೆ ಕೂತ ಅಷ್ಟೂ ಜನರಿಗೆ ಕಾಣುವುದು ಅದೇ.

ಭದ್ರಾವತಿ ಆಂಟಿ:

ಕೊಪ್ಪದ ಅಮ್ಮ ಬರೆದದ್ದು ಓದಿ ಯೋಚನೆ ಮಾಡಿದೆ. ಕವರಿನ ಸಂಕಟ ನನಗೆ ಹೊಳೆದಿರಲಿಲ್ಲ. ಆದರೂ ತೀರಾ ಕೈಲಾಗದ ಮನೆಯವರಿಗೆ ನಾನು ಮಜೂರಿ ಕೇಳುವುದಿಲ್ಲ, ಅದು ನನ್ನ ಹಟ ಅಂತಲೇ ಇಟ್ಟುಕೊಳ್ಳಿ. ಉಳಿದವರಿಗೆ ಬರೆದು ಕೊಡುತ್ತೇನೆ.

ಹೊಸನಗರದ ಹುಡುಗಿ:

ಎಲ್ಲರಿಗೂ ತುಂಬ ಥ್ಯಾಂಕ್ಸ್. ಗೆಳತಿಗೆ ಇದೆಲ್ಲ ಓದಿಸಿದೆ. ನಮ್ಮ ಚರ್ಚಿನ ದಾರಿ ಚಿಕ್ಕದು, ಹಾಗಾಗಿ 8 ಪ್ಯಾನೆಲ್, ಕ್ಯಾನ್‌ಕ್ಯಾನ್ ಒಂದೇ ಪದರ ಅಂತ ಒಪ್ಪಿದಳು. ಮಜೂರಿಯ ಮಾತೂ ಆಯಿತು, ಅವಳೇ ಮೊದಲು ಕೇಳಿದಳು. ವೇಲ್ ನನ್ನ ಮುಯ್ಯಿ. ಇನ್ನೊಂದು ಕೇಳಬೇಕು ಅಕ್ಕ, ಅಂಚು ಯಾವಾಗ ಮಡಚಬೇಕು? ಲೈನಿಂಗ್ ಕಾಟನ್ ಹಾಕಬಹುದಾ?

ತೀರ್ಥಹಳ್ಳಿ ಹೊಲಿಗೆ ಅಕ್ಕ:

ಬಾಡಿ ಭಾಗಕ್ಕೆ ಕಾಟನ್ ಹಾಕು, ಬೆವರು ಹೀರುತ್ತದೆ. ಕತ್ತರಿಸುವ ಮೊದಲು ರಾತ್ರಿ ನೀರಿನಲ್ಲಿ ನೆನೆಸಿ ಒಣಗಿಸಿಕೋ, ಆಮೇಲೆ ಕುಗ್ಗುವುದಿಲ್ಲ. ಸ್ಕರ್ಟಿಗೆ ಕಾಟನ್ ಬೇಡ, ಕಾಲಿಗೆ ಸುತ್ತಿಕೊಳ್ಳುತ್ತದೆ, ಕ್ರೇಪ್ ಹಾಕು. ಸ್ಕರ್ಟ್ ಜೋಡಿಸಿದ ಮೇಲೆ ಗೌನನ್ನು ಎರಡು ದಿನ ಹ್ಯಾಂಗರಿಗೆ ತೂಗುಹಾಕು. ಓರೆಯಾಗಿ ಕತ್ತರಿಸಿದ ಕಡೆ ಬಟ್ಟೆ ತನ್ನ ಭಾರಕ್ಕೆ ಇಳಿಯುತ್ತದೆ, ಕೆಲವು ಕಡೆ ಜಾಸ್ತಿ, ಕೆಲವು ಕಡೆ ಕಡಿಮೆ. ಇಳಿಯುವುದೆಲ್ಲ ಇಳಿದ ಮೇಲೆ ಅವಳಿಗೆ ಹೀಲ್ಸ್ ಹಾಕಿಸಿ ನಿಲ್ಲಿಸಿ, ನೆಲದಿಂದ ಸ್ಕೇಲ್ ಹಿಡಿದು ಸುತ್ತಲೂ ಗುರುತು ಹಾಕಿ ಕತ್ತರಿಸು. ಆಮೇಲೇ ಅಂಚು ಮಡಚು. ಆ ಗುರುತು ಹಾಕುವಾಗ ಅವಳು ಕೆಳಗೆ ಬಗ್ಗಿ ನೋಡಬಾರದು, ಬಗ್ಗಿದರೆ ಮುಂದಿನ ಅಂಚು ಕೆಳಗಿಳಿಯುತ್ತದೆ, ಅಳತೆ ತಪ್ಪುತ್ತದೆ. ಎದುರಿನ ಗೋಡೆ ನೋಡಿಕೊಂಡು ನಿಲ್ಲಲು ಹೇಳು.